ನಾಲ್ಕನೇ ಬೋರ್ಡಿನ ಹೆಸರು

೩ ಫೆಬ್ರುವರಿ

ಮಾನ್ಯರೇ,

ನಮಸ್ಕಾರ. ನನ್ನ ಪರಿಚಯ ನಿಮಗಿಲ್ಲ. ನನ್ನ ಹೆಸರಿನ ಪರಿಚಯ ಮಾತ್ರ ಚೆನ್ನಾಗಿಯೇ ಇರಬೇಕು, ಏಕೆಂದರೆ ಅದು ನಿಮ್ಮದೂ ಹೌದು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್ ಕಟ್ಟಡವನ್ನು ಕೆಡವುವ ಮುಂಚೆ ಅಲ್ಲಿ ಕೆಲಸ ಮಾಡಿದ್ದ ಹೆಂಗಸರೆಲ್ಲ ಸೇರಿ ತೆಗೆಸಿಕೊಂಡ ಫೋಟೋ ಹೋದ ಭಾನುವಾರದ ಪತ್ರಿಕೆಯಲ್ಲಿ ಬಂದಿತ್ತು. ಕೆಳಗೆ ಹಾಕಿದ್ದ ಹೆಸರುಗಳನ್ನು ಓದುತ್ತ ಹೋದೆ. ಎಡದಿಂದ ಮೂರನೆಯದಕ್ಕೆ ಬಂದಾಗ ಕೈಯಲ್ಲಿದ್ದ ಟೀ ಮಡಿಲಿಗೆ ಚೆಲ್ಲಿಕೊಂಡೆ. ಈ ಹೆಸರಿನವಳು ಲೋಕದಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ. ಪತ್ರಿಕೆಯವರನ್ನು ಕಾಡಿ ಬೇಡಿ ನಿಮ್ಮ ವಿಳಾಸ ತೆಗೆದುಕೊಂಡಿದ್ದೇನೆ, ಅವರನ್ನು ಬೈಯಬೇಡಿ.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಗಿರಾಕಿಗಳು ಹೆಸರು ಕೇಳುತ್ತಾರೆ, ಹೇಳಿದರೆ "ಅದು ಮನೇಲಿ ಕರೆಯೋ ಹೆಸರಾ? ನಿಜವಾದ ಹೆಸರು ಹೇಳಮ್ಮಾ" ಅನ್ನುತ್ತಾರೆ. ಶಾಲೆಯಲ್ಲಿ ಒಬ್ಬ ಮೇಷ್ಟ್ರು ಇದರ ಅರ್ಥ ಹುಡುಕಿಯೇ ತೀರುತ್ತೇನೆ ಎಂದು ಹಟ ಹಿಡಿದು, ದಪ್ಪ ದಪ್ಪ ನಿಘಂಟುಗಳನ್ನೆಲ್ಲ ಜಾಲಾಡಿ, ಕೊನೆಗೆ ನನ್ನ ಮೇಲೆಯೇ ಸಿಟ್ಟಾದರು. ಇವೆಲ್ಲ ನನಗೆ ಅಭ್ಯಾಸವಾಗಿದೆ. ನಾನು ಬರೆಯುತ್ತಿರುವುದು ಬೇರೆ ವಿಷಯಕ್ಕೆ.

ಈ ಹೆಸರನ್ನು ಇಟ್ಟವರು ನನ್ನ ತಂದೆ. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದರು. ಎತ್ತರದ ಆಳು, ಜೊತೆಯವರು "ಏಣಿ" ಎಂದೇ ಕರೆಯುತ್ತಿದ್ದರಂತೆ. ಹೋದ ವರ್ಷ ತೀರಿಕೊಂಡರು. ಅರ್ಥ ಕೇಳಿದಾಗಲೆಲ್ಲ "ಒಳ್ಳೇ ಅರ್ಥ ಇದೆ" ಎಂದು ಹೇಳಿ ಸೈಕಲ್ಲಿಗೆ ಎಣ್ಣೆ ಬಿಡಲು ಎದ್ದು ಹೋಗುತ್ತಿದ್ದರು. ಆ ಸೈಕಲ್ಲು ಅಷ್ಟು ಎಣ್ಣೆ ಕುಡಿದದ್ದು ನನ್ನ ಹೆಸರಿನಿಂದಲೇ. ನಾನು ಹುಟ್ಟಿದಾಗಿನಿಂದ ಅಮ್ಮ ಒಂದೇ ಒಂದು ಸಲವೂ ನನ್ನನ್ನು ಆ ಹೆಸರು ಹಿಡಿದು ಕರೆದಿಲ್ಲ. "ಪುಟ್ಟಿ", "ಏ ಹುಡುಗಿ", ಕೋಪ ಬಂದರೆ "ಇವಳೇ". ಯಾಕೆ ಎಂದು ನಾನು ಕೇಳಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಅದು ಯಾವಳೋ ಒಬ್ಬ ಹೆಂಗಸಿನ ಹೆಸರು ಎಂಬುದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ.

ಅಪ್ಪ ಈಗಿಲ್ಲ. ಅಮ್ಮನಿಗೆ ವಯಸ್ಸಾಗುತ್ತಿದೆ. ಬಾಯಿ ತುಂಬ ಕರೆಯಲು ಅವಳಿಗೊಂದು ಹೆಸರಾದರೂ ಇರಲಿ ಎಂದು ನಾನು ಹೆಸರನ್ನೇ ಬದಲಾಯಿಸುವುದಕ್ಕೆ ಹೊರಟಿದ್ದೇನೆ. ಏಪ್ರಿಲ್ ಕೊನೆಗೆ ಕಚೇರಿಯವರು ಬರಹೇಳಿದ್ದಾರೆ. ಅದಕ್ಕೆ ಮುಂಚೆ ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನೀವು ನನ್ನ ತಂದೆಯನ್ನು ಬಲ್ಲಿರಾ?

ಇಂತಿ,
ನಿಮ್ಮದೇ ಹೆಸರಿನವಳು


೧೪ ಫೆಬ್ರುವರಿ

ನನ್ನ ಹೆಸರಿನವಳೇ,

ಮೊದಲು ಆ "ಮಾನ್ಯರೇ" ಬಿಟ್ಟುಬಿಡು, ನಾನೇನು ಸರ್ಕಾರಿ ಸುತ್ತೋಲೆಯಲ್ಲ. ಎರಡನೆಯದು, ಅದು ನನ್ನ ಹೆಸರೂ ಅಲ್ಲ. ನನ್ನ ಹೆಸರು ಬಹಳ ಸಾಧಾರಣ, ಬೀದಿಯಲ್ಲಿ ಕೂಗಿದರೆ ನಾಲ್ಕು ಬಾಗಿಲು ತೆರೆಯುತ್ತವೆ. ಪತ್ರಿಕೆಯ ಹುಡುಗ ಹೆಸರು ಕೇಳಿದಾಗ ಹಳೆಯ ಬೋರ್ಡಿನ ಎದುರು ನಿಂತಿದ್ದೆ ನೋಡು, ನಾಲಿಗೆ ತನ್ನಷ್ಟಕ್ಕೆ ಅದನ್ನೇ ಹೇಳಿಬಿಟ್ಟಿತು.

ಅದು ಒಂದು ಕುರ್ಚಿಯ ಹೆಸರು ಕಣಮ್ಮ. ನಗಬೇಡ.

ಆಗ ಒಂದೊಂದು ಕಾಲ್ ಕೂಡ ನಮ್ಮ ಕೈಯಿಂದಲೇ ಹೋಗಬೇಕು. ಉದ್ದದ ಕೋಣೆ, ಗೋಡೆಯುದ್ದಕ್ಕೂ ಬೋರ್ಡುಗಳು, ಅದರ ತುಂಬ ತೂತುಗಳು. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಂದು ತೂತಿನ ವೈರನ್ನು ಇನ್ನೊಂದಕ್ಕೆ ಚುಚ್ಚುತ್ತ ಕೂತರೆ ಮಧ್ಯಾಹ್ನದ ಹೊತ್ತಿಗೆ ಕಿವಿ ಕಾದಿರುತ್ತಿತ್ತು. ಮೊದಮೊದಲು ನಾವು ನಮ್ಮ ಸ್ವಂತ ಹೆಸರನ್ನೇ ಹೇಳುತ್ತಿದ್ದೆವು. ಒಬ್ಬ ಮಹಾಶಯ ದನಿ ಕೇಳಿಯೇ ಮರುಳಾಗಿ ಗೇಟಿನ ಹತ್ತಿರ ಹೂ ಹಿಡಿದು ನಿಂತ. ನಮ್ಮ ಸೂಪರ್‌ವೈಸರ್‌ಗೆ ನಾವಿಟ್ಟಿದ್ದ ಹೆಸರು "ಸೈಲೆನ್ಸ್ ಅಮ್ಮ", ಆ ಒಂದು ಪದ ಬಿಟ್ಟು ಅವರು ಬೇರೆ ಮಾತಾಡಿದ್ದೇ ಅಪರೂಪ. ಅವರು ಹೊರಗೆ ಹೋಗಿ ಹೂವನ್ನು ಕಿತ್ತುಕೊಂಡು ಬಂದು, ತಮ್ಮ ಮೇಜಿನ ಮೇಲಿಟ್ಟುಕೊಂಡು, ಇನ್ನು ಮುಂದೆ ಹೆಸರು ಕೂತವಳದ್ದಲ್ಲ, ಕುರ್ಚಿಯದ್ದು ಎಂದು ತೀರ್ಮಾನಿಸಿದರು. ಒಂದೊಂದು ಬೋರ್ಡಿನ ಕುರ್ಚಿಗೂ ಒಂದೊಂದು ಹೆಸರು, ಯಾರು ಬಂದು ಕೂತರೂ ಅದೇ. ಹೂ ಹಿಡಿದವನು ಕುರ್ಚಿಗೆ ಕೊಡಲಿ ಅಂತ.

ಹೆಸರು ಊರಿನಲ್ಲಿ ಯಾರಿಗೂ ಇರಬಾರದು. ಎಷ್ಟು ಕೆಟ್ಟ ಲೈನಿನಲ್ಲೂ ಒಂದೇ ಸಲಕ್ಕೆ ಕೇಳಿಸಬೇಕು. ಅದಕ್ಕೆ ಸೈಲೆನ್ಸ್ ಅಮ್ಮ ಏನು ಮಾಡಿದರು ಗೊತ್ತಾ? ಬೆಟ್ಟದಾಚೆಯ ಎಕ್ಸ್‌ಚೇಂಜಿನ ಲೈನು ಎಲ್ಲಕ್ಕಿಂತ ಹಾಳು, ಸದಾ ಕರಕರ. ಅದನ್ನು ಹಿಡಿದು ಬಾಯಿಗೆ ಬಂದ ಶಬ್ದಗಳನ್ನೆಲ್ಲ ಸೇರಿಸಿ ಸೇರಿಸಿ ಕೂಗಿದರು. ಆ ಕಡೆಯವಳು "ಏನಂದ್ರಿ?" ಅಂದರೆ ಅದನ್ನು ಬಿಡುವುದು. ನಮ್ಮ ನಾಲ್ಕನೇ ಬೋರ್ಡಿನ ಹೆಸರನ್ನು ಕೂಗಿದಾಗ ಮಾತ್ರ ಆ ಕಡೆಯಿಂದ ತಿರುಗಿ ಅದೇ ಬಂತು, ಸ್ವಲ್ಪವೂ ಕೆಡದೆ. ನಿನ್ನ ಮೇಷ್ಟ್ರ ನಿಘಂಟಿನಲ್ಲಿ ಅದು ಎಲ್ಲಿ ಸಿಗಬೇಕು! ಅರ್ಥವನ್ನು ಯಾರೂ ಇಟ್ಟಿರಲೇ ಇಲ್ಲ.

ಆದರೂ ಆ ಕಾಲದಲ್ಲಿ ಅದಕ್ಕಿದ್ದ ಬೆಲೆ ನೀನು ನೋಡಬೇಕಿತ್ತು. ಡಾಕ್ಟರು, ಮಂಡಿ ವ್ಯಾಪಾರಿಗಳು, ವಕೀಲರು ಎಲ್ಲರ ಬಾಯಲ್ಲೂ ಅದೇ. ಒಬ್ಬ ಬಟ್ಟೆ ವ್ಯಾಪಾರಿ ಅಂಗಡಿಗೆ ಅದನ್ನಿಡುತ್ತೇನೆ ಎಂದು ಅನುಮತಿ ಕೇಳಿದ, ಸೈಲೆನ್ಸ್ ಅಮ್ಮ ಅವನಿಗೂ ಅದೇ ಒಂದು ಪದದ ಉತ್ತರ ಕೊಟ್ಟರು. ಆ ಕುರ್ಚಿಯಲ್ಲಿ ಪಾಳಿಯ ಮೇಲೆ ಎಷ್ಟೋ ಜನ ಕೂತಿದ್ದೇವೆ. ಹಾಗಾಗಿ ಆ ಹೆಸರಿನ "ಹೆಂಗಸು" ಅಂತ ಒಬ್ಬಳು ಇರಲೇ ಇಲ್ಲ ಎಂದು ನಿನ್ನ ಅಮ್ಮನಿಗೆ ಹೇಳು.

ಲೈನ್‌ಮನ್‌ಗಳು ಬಹಳ ಜನ ಇದ್ದರು. ಏಣಿ ಎಂಬ ಹೆಸರು ಕೇಳಿದ ಹಾಗಿದೆ.

ನಾಲ್ಕನೇ ಬೋರ್ಡು


೨೭ ಫೆಬ್ರುವರಿ

ನಮಸ್ಕಾರ,

(ಮಾನ್ಯರೇ ಬಿಟ್ಟಿದ್ದೇನೆ. ಬದಲಿಗೆ ಏನು ಹಾಕಬೇಕೋ ತಿಳಿಯಲಿಲ್ಲ.)

ನಿಮ್ಮ ಪತ್ರ ಓದಿ ಎಷ್ಟು ನಕ್ಕೆ ಎಂದರೆ ಅಂಗಡಿಯ ಯಜಮಾನರು ಯಂತ್ರ ನಿಲ್ಲಿಸಿ ಬಂದು ನೋಡಿದರು. ಆಮೇಲೆ ಸ್ವಲ್ಪ ಅಳುವೂ ಬಂತು. ಹೆಸರಿಗೆ ಅರ್ಥ ಇಲ್ಲ ಎಂದು ಖಚಿತವಾಗಿ ಗೊತ್ತಾಗುವುದು ಒಂಥರಾ ಇರುತ್ತದೆ. ನಾನೂ ಒಳಗೊಳಗೇ ಏನೋ ದೊಡ್ಡದನ್ನು ಎದುರು ನೋಡುತ್ತಿದ್ದೆ ಅನ್ನಿಸುತ್ತದೆ.

ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಅವಳು ಬಟ್ಟೆ ಮಡಚುತ್ತ ಕೂತಿದ್ದಳು. ಕುರ್ಚಿಯ ಹೆಸರು ಅನ್ನುವಲ್ಲಿ ಮಡಚುವುದನ್ನು ನಿಲ್ಲಿಸಿದಳು. "ಅವರು ಇನ್ನೇನು ಹೇಳ್ತಾರೆ? ಹೌದಮ್ಮಾ, ನಾನೇ ಅವಳು ಅಂತ ಬರೀತಾರಾ?" ಅಂದಳು. ಆಮೇಲೆ, ಇಷ್ಟು ವರ್ಷಕ್ಕೆ ಮೊದಲ ಸಲ, ಒಂದು ಸಂಗತಿ ಹೇಳಿದಳು.

ಮದುವೆಯಾದ ಹೊಸದರಲ್ಲಿ ಗಾಳಿಗೆ ಕಂಬಗಳು ಬಿದ್ದು ಅಪ್ಪ ಮನೆಗೇ ಬರದಿದ್ದಾಗ ಅವಳು ಊಟದ ಡಬ್ಬಿ ಹಿಡಿದುಕೊಂಡು ರಸ್ತೆಯುದ್ದಕ್ಕೂ ಕಂಬ ಕಂಬ ನೋಡುತ್ತ ಹೋದಳಂತೆ. ಅಪ್ಪ ಒಂದು ಕಂಬದ ತುದಿಯಲ್ಲಿದ್ದರು. ಕಿವಿಗೆ ಫೋನು ಹಿಡಿದಿದ್ದರು. ಮೇಲಿನಿಂದ ಆ ಹೆಸರು ಹೇಳುವುದು ಅವಳಿಗೆ ಚೆನ್ನಾಗಿ ಕೇಳಿಸಿತು. "ಹೇಳಿದಾಗ ಮುಖ ನೋಡ್ಬೇಕಿತ್ತು ನೀನು," ಅಂದಳು ಅಮ್ಮ. "ದೀಪ ಹಚ್ಚಿಟ್ಟ ಹಾಗಿತ್ತು. ಹಂಗೆ ಅವರು ನಗೋದು ನಾನು ಮನೇಲಿ ನೋಡೇ ಇರ್ಲಿಲ್ಲ. ಆಮೇಲೆ ನೀನು ಹುಟ್ಟಿದಾಗ ಅದೇ ಹೆಸರು ತಂದ್ರು."

"ಅಪ್ಪನ್ನೇ ಕೇಳಬೇಕಿತ್ತಲ್ಲಮ್ಮಾ" ಅಂದೆ.

"ಕೇಳೋದೇನು? ಕೇಳಿದ್ರೆ ಹೌದು ಅಂದುಬಿಟ್ಟಿದ್ರೆ?"

ಹೊಸ ಹೆಸರು ಯಾವುದು ಬೇಕು ಎಂದು ಕೇಳಿದರೆ ಕಚೇರಿಯಲ್ಲೇ ಹೇಳುತ್ತೇನೆ ಅನ್ನುತ್ತಾಳೆ. ಬಾಯಿ ಬಿಡುತ್ತಿಲ್ಲ.

ಕುರ್ಚಿಯ ಮಾತು ನಾನು ನಂಬುತ್ತೇನೆ. ಆದರೆ ಕುರ್ಚಿ ಮಾತಾಡುವುದಿಲ್ಲ, ಅದರಲ್ಲಿ ಕೂತವರು ಮಾತಾಡುತ್ತಾರೆ. ನೀವು "ಕೇಳಿದ ಹಾಗಿದೆ" ಎಂದಷ್ಟೇ ಬರೆದಿದ್ದೀರಿ. ಅಪ್ಪನನ್ನು ನೀವು ಬಲ್ಲಿರಾ ಎಂದು ಇನ್ನೊಮ್ಮೆ ಕೇಳುತ್ತಿದ್ದೇನೆ.

ಪುಟ್ಟಿ


೨ ಏಪ್ರಿಲ್

ನಮಸ್ಕಾರ,

ನಿಮ್ಮಿಂದ ಉತ್ತರವಿಲ್ಲ. ಅಂಚೆಯವನು ನಮ್ಮ ಗೇಟು ದಾಟಿ ಹೋದಾಗಲೆಲ್ಲ ಅಮ್ಮ ನನ್ನ ಮುಖ ನೋಡುತ್ತಾಳೆ. "ಬರೀದೇ ಇರೋದೇ ಉತ್ತರ" ಅನ್ನುತ್ತಾಳೆ. ಹುಷಾರಿಲ್ಲದೆ ಇದ್ದರೆ ದಯವಿಟ್ಟು ಕ್ಷಮಿಸಿ. ಹುಷಾರಾಗಿದ್ದೂ ಬರೆಯದಿದ್ದರೆ, ಅದೂ ಪರವಾಗಿಲ್ಲ. ಇಪ್ಪತ್ತೆಂಟಕ್ಕೆ ನಾವು ಕಚೇರಿಗೆ ಹೋಗುತ್ತಿದ್ದೇವೆ. ಆಮೇಲೆ ಈ ಹೆಸರಿಗೆ ನಾನು ಯಾರೂ ಅಲ್ಲ, ನೀವೂ ನೆಮ್ಮದಿಯಾಗಿರಬಹುದು.

ಪುಟ್ಟಿ


೧೧ ಏಪ್ರಿಲ್

ಮಗಳೇ,

ಬರೆದೆ, ಹರಿದೆ. ಮತ್ತೆ ಬರೆದೆ, ಅದನ್ನೂ ಹರಿದೆ. ಆಯಸ್ಸಿಡೀ ಬೇರೆಯವರ ಮಾತನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಿದವಳಿಗೆ ತನ್ನ ಮಾತು ಹೇಳಲು ಇಷ್ಟು ಕಷ್ಟವಾಗುತ್ತದೆ ಎಂದು ಗೊತ್ತಿರಲಿಲ್ಲ.

ಏಣಿಯವರನ್ನು ಬಲ್ಲೆ. ಅವರು ತೀರಿಕೊಂಡದ್ದು ನಿನ್ನ ಮೊದಲ ಪತ್ರದಿಂದಲೇ ನನಗೆ ತಿಳಿದದ್ದು. ಬಲ್ಲೆ ಎಂದು ಬರೆಯಲು ಅವತ್ತು ಮನಸ್ಸು ಬರಲಿಲ್ಲ. ಮುಖ ನೋಡಿದವಳಲ್ಲ, ಲೈನ್‌ಮನ್‌ಗಳು ಆಪರೇಟರ್ ಕೋಣೆಗೆ ಬರುವ ಹಾಗಿರಲಿಲ್ಲ. ದನಿ ಬಲ್ಲೆ. ಕೆಮ್ಮು ಬಲ್ಲೆ.

ನಿನ್ನ ಅಮ್ಮ ಕಂಬದ ಕೆಳಗೆ ನಿಂತು ಕೇಳಿದ್ದು ನಿಜ. ಅದು ಏನು ಎಂಬುದನ್ನು ಯಾರೂ ಅವರಿಗೆ ಹೇಳಿಲ್ಲ, ಅಷ್ಟೆ. ಲೈನು ಕೆಟ್ಟರೆ ಲೈನ್‌ಮನ್ ಕಂಬ ಹತ್ತಿ, ವೈರು ಜೋಡಿಸಿ, ಅಲ್ಲಿಂದಲೇ ತನ್ನ ಕೈಫೋನನ್ನು ಲೈನಿಗೆ ಸಿಕ್ಕಿಸಿ ನಮಗೆ ಕರೆ ಮಾಡಬೇಕು. ಆ ಲೈನುಗಳೆಲ್ಲ ನಾಲ್ಕನೇ ಬೋರ್ಡಿಗೆ ಬರುತ್ತಿದ್ದವು. ನಾವು ಬೋರ್ಡಿನ ಹೆಸರು ಹೇಳುತ್ತೇವೆ. ಅವರು ಅದನ್ನೇ ತಿರುಗಿ ಹೇಳಬೇಕು, ಗಟ್ಟಿಯಾಗಿ. ನಮ್ಮದು ಅವರಿಗೆ ಕೇಳಿಸಿತು, ಅವರದು ನಮಗೆ ಕೇಳಿಸಿತು ಅಂದರೆ ಎರಡು ಕಡೆಯೂ ಸರಿಯಿದೆ. ಆಗ ನಾವು "ಲೈನು ಸರಿ, ಇಳೀರಿ" ಅನ್ನುತ್ತಿದ್ದೆವು. ಅದು ಕೇಳುವತನಕ ಅವರು ಇಳಿಯುವ ಹಾಗಿಲ್ಲ, ಗಾಳಿಯೋ ಚಳಿಯೋ.

ಹಾಗಾಗಿ ಯಾರೂ ಇಡದ ಅರ್ಥ ಆ ಹೆಸರಿಗೆ ತಾನಾಗಿ ಬಂತು, ಅದು ಲೈನ್‌ಮನ್‌ಗಳಿಗೆ ಮಾತ್ರ ಗೊತ್ತಿದ್ದ ಅರ್ಥ. ಎಲ್ಲ ಸರಿಯಾಯಿತು, ಇನ್ನು ಮನೆಗೆ ಹೋಗಬಹುದು. ಕ್ಯಾಂಟೀನಿನಲ್ಲಿ "ಕೆಲಸ ಆಯ್ತೇನೋ?" ಎಂದು ಕೇಳಿದರೆ ಆ ಹೆಸರನ್ನೇ ಹೇಳುತ್ತಿದ್ದರಂತೆ. ಯಾರಿಗಾದರೂ ಜ್ವರ ಬಿಟ್ಟರೂ ಅದೇ. ಬೋರ್ಡಿನ ಹೆಸರಿನ ಗುಟ್ಟನ್ನು ಹೊರಗೆ ಹೇಳಬಾರದು ಎಂಬುದು ಸೈಲೆನ್ಸ್ ಅಮ್ಮನ ಕಟ್ಟಪ್ಪಣೆ. ಉಳಿದವರೆಲ್ಲ ಮನೆಗೆ ಹೋಗಿ ಹೆಂಡತಿಗೆ ಹೇಳಿರುತ್ತಾರೆ ಬಿಡು. ಏಣಿ ಒಬ್ಬರೇ ಹೇಳದೆ ಇದ್ದವರು ಅನ್ನಿಸುತ್ತದೆ. ಅಂಥ ಪ್ರಾಮಾಣಿಕರ ಜೊತೆ ಸಂಸಾರ ಮಾಡುವುದು ಕಷ್ಟ.

ಅವರ ಮುಖದ ಮೇಲೆ ದೀಪ ಹತ್ತಿತ್ತು ಎಂದೆಯಲ್ಲ, ಯೋಚನೆ ಮಾಡು. ದಿನಗಟ್ಟಲೆ ಕಂಬದ ಮೇಲಿದ್ದವರು. ಲೈನು ಸರಿಯಾಯಿತು. ಕೆಳಗೆ ನೋಡಿದರೆ ಹೊಸ ಹೆಂಡತಿ ಡಬ್ಬಿ ಹಿಡಿದು ನಿಂತಿದ್ದಾಳೆ. ಇನ್ನು ಹೇಗಿರಬೇಕಿತ್ತು ಮುಖ?

ಇನ್ನೊಂದು ಹೇಳಬೇಕು. ಒಂದು ದಿನ ಅವರು ಕಂಬದಿಂದ ಫೋನು ಮಾಡಿ, ಹೆಸರು ತಿರುಗಿ ಹೇಳಿದರು, ನಾನು "ಇಳೀರಿ" ಅಂದೆ. ಫೋನು ಇಡಲಿಲ್ಲ. "ಒಂದು ಮಾತಿತ್ತು" ಅಂದರು. ಅವರು ಕೆಲಸ ಬಿಟ್ಟು ಬೇರೆ ಮಾತು ಆಡಿದವರೇ ಅಲ್ಲ.

"ಮಗು ಹುಟ್ಟಿದೆ, ಹೆಣ್ಣು. ಇಬ್ಬರೂ ಉಳಿಯೋದು ಕಷ್ಟ ಅಂದಿದ್ರು ಡಾಕ್ಟರು, ಹೆಂಡ್ತಿ ಅಂತೂ ಉಳಿಯಲ್ಲ ಅಂದುಬಿಟ್ಟಿದ್ರು. ಇವತ್ತು ಬೆಳಗ್ಗೆ ಎದ್ದು ಕೂತು, ಮುಖ ತೊಳ್ಕೊಂಡು ಬನ್ನಿ, ಮಗು ಹೆದರ್ಕೊಳತ್ತೆ ಅಂದ್ಲು. ಹೊರಗೆ ಬಂದು ಆಸ್ಪತ್ರೆ ಮೆಟ್ಟಿಲ ಮೇಲೆ ನಿಂತಾಗ ನನ್ನ ಬಾಯಿಗೆ ಬಂದಿದ್ದು ನಿಮ್ಮ ಬೋರ್ಡಿನ ಹೆಸರು. ಅದನ್ನ ಮಗೂಗೆ ಕೊಡ್ತೀರಾ?"

ನಾನೊಬ್ಬಳೇ ಕೊಡಲು ಅದೇನು ನನ್ನದೇ? ಎಲ್ಲ ಪಾಳಿಯವರನ್ನೂ ಕೇಳಬೇಕು ಅಂದೆ. ಮೂರು ಪಾಳಿಯ ಹೆಂಗಸರೂ ಪಾಳಿ ಬದಲಾಗುವ ಹೊತ್ತಿನಲ್ಲಿ ಟೀ ಕುಡಿಯುತ್ತ ನಿಂತು ಪಂಚಾಯ್ತಿ ಮಾಡಿದೆವು. ಬಟ್ಟೆ ಅಂಗಡಿಗೆ ಕೊಡಲಿಲ್ಲ, ಮಗುವಿಗೆ ಕೊಡೋಣ ಎಂದರು ಎಲ್ಲರೂ. ಸೈಲೆನ್ಸ್ ಅಮ್ಮ ಒಂದೇ ಒಂದು ಷರತ್ತು ಹಾಕಿದರು. ಮಗುವಿಗೆ ಕೊಟ್ಟ ಮೇಲೆ ಕುರ್ಚಿಗೆ ಬೇಡ, ಹೆಸರು ಒಬ್ಬಳಿಗೇ ಇರಲಿ. ಮಾರನೆಯ ದಿನದಿಂದ ನಾಲ್ಕನೇ ಬೋರ್ಡಿಗೆ ಬೇರೆ ಹೆಸರು. ಅದು ಯಾರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ, ಬೈದುಕೊಂಡೇ ಕೆಲಸ ಮಾಡಿದೆವು. ಊರಿನವರೆಲ್ಲ ತಿಂಗಳುಗಟ್ಟಲೆ ಕೇಳುತ್ತಿದ್ದರು. "ಏನ್ರೀ, ಆಯಮ್ಮ ಎಲ್ಲಿ? ವರ್ಗ ಆಯ್ತಾ? ಮದುವೆ ಆಯ್ತಾ?" ನಾವೆಲ್ಲ ಒಂದೇ ಉತ್ತರ ಕೊಡುತ್ತಿದ್ದೆವು.

"ಇಲ್ಲ, ಹುಟ್ಟಿದ್ದಾಳೆ."

ಈ ಹೆಸರಿನವಳು ಲೋಕದಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ ಅಂತ ಬರೆದಿದ್ದೆಯಲ್ಲ, ಅದು ನಿಜವೇ. ನಿನಗೋಸ್ಕರ ಬಿಟ್ಟುಕೊಟ್ಟದ್ದು. ಬದಲಾಯಿಸಬೇಕೆಂದರೆ ಬದಲಾಯಿಸು, ಹೆಸರಿಗಿಂತ ಅಮ್ಮ ದೊಡ್ಡವರು. ಗೊತ್ತಿಲ್ಲದೆ ಬದಲಾಯಿಸಬೇಡ ಅಂತ ಇಷ್ಟು ಬರೆದೆ.

ನಾಲ್ಕನೇ ಬೋರ್ಡು


೩೦ ಏಪ್ರಿಲ್

ಪ್ರೀತಿಯ ಅತ್ತೆಗೆ,

ಏನೆಂದು ಕರೆಯಬೇಕೋ ತಿಳಿಯದು ಎಂದಿದ್ದೆನಲ್ಲ, ಅಮ್ಮನೇ ತೀರ್ಪು ಕೊಟ್ಟಿದ್ದಾಳೆ. "ಅತ್ತೆ ಅಂತ ಕರಿ. ನಿಮ್ಮಪ್ಪನ ಅಕ್ಕ ಅಂದ್ಕೋ" ಎಂದಳು. ಅಕ್ಕ ಅನ್ನುವುದನ್ನು ಸ್ವಲ್ಪ ಒತ್ತಿಯೇ ಹೇಳಿದಳು.

ನಿಮ್ಮ ಪತ್ರ ಓದಿದ ದಿನ ಅವಳು ಎದ್ದು ಹೋಗಿ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಕೂತಳು. ನಾನು ಟೀ ಇಟ್ಟು ಬಂದೆ, ಅದು ಆರಿಹೋಯಿತು. ಎರಡು ದಿನ ಬಿಟ್ಟು, ಪಾತ್ರೆ ಒರೆಸುವಾಗ ತನ್ನಷ್ಟಕ್ಕೆ ತಾನೇ "ಮುಖ ತೊಳ್ಕೊಂಡು ಬನ್ನಿ ಅಂತ ನಾನು ಅಂದಿದ್ದು ನಿಜ" ಅಂದಳು. ಅಷ್ಟೆ. ಹೆಸರಿನ ಮಾತು ಎತ್ತಲಿಲ್ಲ. ಕಚೇರಿಗೆ ಹೋಗುವುದು ಬೇಡವೇನೋ ಎಂದು ನಾನು ಕೇಳಿದರೆ "ಬರ್ತೀವಿ ಅಂದಮೇಲೆ ಹೋಗ್ಬೇಕು" ಎಂದಳು. ಬೆಳಗ್ಗೆ ನನಗಿಂತ ಮೊದಲೇ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ನಾನು ಮನಸ್ಸನ್ನು ಗಟ್ಟಿ ಮಾಡಿಕೊಂಡೆ. ಹೋಗಲಿ, ಹೆಸರು ಹೋದರೆ ಹೋಗಲಿ, ಅಮ್ಮ ಕರೆದರೆ ಸಾಕು.

ಉದ್ದದ ಬೆಂಚುಗಳು, ತುಂಬ ಜನ. ನಮ್ಮ ಸರದಿ ಬಂದಾಗ ಗುಮಾಸ್ತರು ಕಾಗದ ನೋಡಿ, ನನ್ನ ಹೆಸರನ್ನು ಓದಲು ಒದ್ದಾಡಿ, "ಇದನ್ನ ಬದಲಾಯಿಸ್ತಿರೋದು ಒಳ್ಳೇದಾಯ್ತು ಬಿಡಿ" ಅಂದರು. "ಹೊಸ ಹೆಸರು ಹೇಳಿ."

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಕಿಟಕಿಯ ಸರಳು ಹಿಡಿದುಕೊಂಡು ಹೇಳಿದಳು. ಆ ಹೆಸರನ್ನೇ. ಅತ್ತೆ, ಎಷ್ಟು ಗಟ್ಟಿಯಾಗಿ ಹೇಳಿದಳು ಅಂದರೆ ಬೆಂಚಿನ ಮೇಲೆ ತೂಕಡಿಸುತ್ತಿದ್ದವರೆಲ್ಲ ತಲೆ ಎತ್ತಿದರು.

ಗುಮಾಸ್ತರು ಕನ್ನಡಕ ಸರಿ ಮಾಡಿಕೊಂಡರು. "ಅಮ್ಮಾ, ಇದು ಹಳೇದು. ಹೊಸದು ಹೇಳಿ."

"ನನಗೆ ಇದೇ ಹೊಸದು" ಅಂದಳು ಅಮ್ಮ. "ಬರ್ಕೊಳ್ಳಿ."

ಅವರಿಗೆ ಅರ್ಥವಾಗಲಿಲ್ಲ, ಸಿಡಿಮಿಡಿಗೊಂಡು ಕಾಗದವನ್ನು ತಿರುಗಿ ಕೊಟ್ಟರು. ನಾನು ಅಲ್ಲೇ, ಅಷ್ಟು ಜನರ ಎದುರು, ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟೆ. ಅಮ್ಮ ನನ್ನ ಹೆಸರು ಹಿಡಿದು ಕರೆದು "ಅಳ್ಬೇಡ, ಜನ ನೋಡ್ತಿದಾರೆ" ಎಂದು ಬೈದಳು. ಅದಕ್ಕೆ ಇನ್ನೂ ಜೋರಾಗಿ ಅಳು ಬಂತು.

ಈಗ ಎರಡು ದಿನದಿಂದ ಮನೆಯಲ್ಲಿ ಅದೊಂದೇ ಹೆಸರು. ಹಾಲು ಉಕ್ಕಿದರೂ ಅದೇ, ಬಾಗಿಲು ಹಾಕಲೂ ಅದೇ. ಪಕ್ಕದ ಮನೆಯವರು ನಿಮ್ಮಲ್ಲಿ ಯಾರೋ ನೆಂಟರು ಬಂದಿದ್ದಾರಾ ಎಂದು ಕೇಳಿದರು.

ಒಂದು ವಿಷಯ. ಅಮ್ಮ ನಿಮ್ಮನ್ನು ಒಂದು ಮಾತು ಕೇಳಲು ಹೇಳಿದ್ದಾಳೆ. ಅನುಮಾನ ಅಲ್ಲವಂತೆ, ಸುಮ್ಮನೆಯಂತೆ. ಅಷ್ಟು ವರ್ಷ ಮಾತಾಡಿದರಲ್ಲ, ಅಪ್ಪ ಯಾವಾಗಲಾದರೂ ನಿಮ್ಮ ನಿಜವಾದ ಹೆಸರು ಕೇಳಿದ್ದರಾ?

ನಿಮ್ಮ ಹೆಸರು ಹೊತ್ತವಳು


೯ ಮೇ

ನನ್ನ ಮುದ್ದು ಮಗಳೇ,

ನಮ್ಮ ಕಟ್ಟಡವನ್ನು ಮೊನ್ನೆ ಕೆಡವಿ ಮುಗಿಸಿದರು. ನೋಡಲು ಹೋಗಿದ್ದೆ, ಆಚೆಯ ಬೀದಿಯೆಲ್ಲ ಸಲೀಸಾಗಿ ಕಾಣುತ್ತದೆ ಈಗ. ಬೇಜಾರಾಗುತ್ತದೆ ಅಂದುಕೊಂಡಿದ್ದೆ. ನಿನ್ನ ಅಮ್ಮ ಹಾಲು ಉಕ್ಕಿದ್ದಕ್ಕೆ ಆ ಹೆಸರು ಕೂಗುತ್ತಿರುವುದನ್ನು ನೆನೆದು ದಾರಿಯಲ್ಲಿ ನಗು ಬಂತು.

ಅಮ್ಮನ ಪ್ರಶ್ನೆಗೆ ಉತ್ತರ ಈ ಎರಡು ಸಾಲು, ಅವರಿಗೆ ಗಟ್ಟಿಯಾಗಿ ಓದಿ ಹೇಳು. ಇಲ್ಲ, ಅವರು ಒಂದು ದಿನವೂ ಕೇಳಲಿಲ್ಲ. ನಾವು "ಇಳೀರಿ" ಅಂದ ಕೂಡಲೇ ಇಳಿದು ಮನೆಗೆ ಹೋಗುತ್ತಿದ್ದರು.

ಇದು ನಿನಗೆ ಮಾತ್ರ. ಅವರು ಕೇಳಿದ್ದರೆ ಹೇಳುತ್ತಿದ್ದೆ.

ನಿನ್ನ ಅತ್ತೆ